ಬೆಂಕಿಯ ಕಾವಲಿಗೆ ಸಂತ ಫ್ಲೋರಿಯನ್

ಮೇ 4 ಸಂತ ಫ್ಲೋರಿಯನ್ನರ ಹಬ್ಬ. ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಅದು ಕಡುಬೇಸಗೆಯ ಕಾಲ. ಬಣವೆಗೆ ಒಂದು ಕಿಡಿ ತಾಗಿದರೂ ಸಾಕು. ಮಧ್ಯ ಯೂರೋಪಿನ ಕಥೋಲಿಕ ಕುಟುಂಬಗಳು ಈ ಸಂತರನ್ನು ಅಗ್ನಿಶಾಮಕರ ಹಾಗೂ ಹೊಗೆಕೊಳವೆ ಗುಡಿಸುವವರ ಪಾಲಕರೆಂದು ಗೌರವಿಸುತ್ತವೆ.

ಇಂದಿನ ಆಸ್ಟ್ರಿಯ ಪ್ರದೇಶದಲ್ಲಿದ್ದ ನೋರಿಕುಮ್ ಎಂಬ ರೋಮನ್ ಪ್ರಾಂತದಲ್ಲಿ ಫ್ಲೋರಿಯನ್ನರು ಅಧಿಕಾರಿಯಾಗಿದ್ದವರು. ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದಲ್ಲಿ ಕ್ರೈಸ್ತರ ಮೇಲೆ ಹಿಂಸೆ ತೊಡಗಿದಾಗ ಲೌರಿಯಾಕುಮ್ ಪಟ್ಟಣದಲ್ಲಿ 40 ಮಂದಿ ವಿಶ್ವಾಸಿಗಳು ಸೆರೆಯಾದರು. ಆ ಸುದ್ದಿ ಕೇಳಿ ಅವರು ಅಡಗಿಕೊಳ್ಳಲಿಲ್ಲ. ತಾವಾಗಿಯೇ ಅಲ್ಲಿಗೆ ಹೊರಟು, ದಾರಿಯಲ್ಲಿ ಎದುರಾದ ಸೈನಿಕರಿಗೆ ತಾವೂ ಕ್ರೈಸ್ತರೇ ಎಂದು ತಿಳಿಸಿದರೆಂದು ಪರಂಪರೆ ಹೇಳುತ್ತದೆ. ಪ್ರಾಂತಾಧಿಪತಿ ಅಕ್ವಿಲಿನುಸ್ ದೇವತೆಗಳಿಗೆ ಬಲಿ ಅರ್ಪಿಸುವಂತೆ ಒತ್ತಾಯಿಸಿದ, ಹೊಡೆಸಿದ. ಅವರು ಮಣಿಯಲಿಲ್ಲ. ಕ್ರಿ.ಶ. 304ರಲ್ಲಿ ಕೊರಳಿಗೆ ಕಲ್ಲು ಕಟ್ಟಿ ಎನ್ಸ್ ನದಿಗೆ ಅವರನ್ನು ನೂಕಲಾಯಿತು. ವಲೇರಿಯ ಎಂಬ ಮಹಿಳೆ ಪಾರ್ಥಿವ ಶರೀರವನ್ನು ಸಮಾಧಿ ಮಾಡಿದಳೆಂಬ ಸ್ಥಳದಲ್ಲಿ ಇಂದು ಸಂತ ಫ್ಲೋರಿಯನ್ ಮಠವಿದೆ.

ನೀರಿನಲ್ಲಿ ಮಡಿದವರು ಬೆಂಕಿಯ ಸಂತರಾದದ್ದು ವಿಚಿತ್ರವೇ. ಒಂದೇ ಕೊಡ ನೀರಿನಿಂದ ಉರಿಯುತ್ತಿದ್ದ ಊರನ್ನು ಉಳಿಸಿದರೆಂಬ ಕಥೆ ಬಹುಕಾಲದ ನಂತರ ಸೇರಿಕೊಂಡದ್ದು. ಅವರ ಅವಶೇಷಗಳು 1184ರಲ್ಲಿ ಪೋಲೆಂಡಿನ ಕ್ರಾಕೋವ್ ನಗರವನ್ನು ತಲುಪಿದವು. 1528ರಲ್ಲಿ ಅಲ್ಲಿನ ಕ್ಲೆಪಾರ್ಜ್ ಭಾಗ ಸುಟ್ಟುಹೋದಾಗ ಅವರ ದೇವಾಲಯ ಮಾತ್ರ ಉಳಿಯಿತೆಂದು ಭಕ್ತಿ ಹಬ್ಬಿತು. ಮುಂದೆ ಪೋಪ್ ಎರಡನೇ ಜಾನ್ ಪಾಲ್ ಆದ ಯುವ ಗುರು ಕರೋಲ್ ವೊಯ್ತಿವಾ ಅವರು 1949ರಿಂದ 1951ರವರೆಗೆ ಸೇವೆ ಸಲ್ಲಿಸಿದ್ದು ಇದೇ ಧರ್ಮಕೇಂದ್ರದಲ್ಲಿ.

ಆ ನಾಡುಗಳಲ್ಲಿ ಗೋಡೆಯ ಮೇಲೆ ಸಂತರ ಚಿತ್ರವಿದ್ದರೂ ಹೊಗೆಕೊಳವೆ ಗುಡಿಸುವುದನ್ನು ಯಾರೂ ಬಿಡಲಿಲ್ಲ. ನಮ್ಮ ಕಡೆ ಗ್ಯಾಸ್ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ನೀರೊಲೆಗೆ ಸೌದೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಹಳ್ಳಿಯ ಅಡುಗೆಮನೆಗೂ ಕೊಳವೆ ತಂದಿತು. ಅದನ್ನು ಗುಡಿಸುವ ರೂಢಿ ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ಹಸಿ ಸೌದೆ ಉರಿಸಿದರೆ ಜಿಡ್ಡು ಮಸಿ ಒಳಗೆ ಪದರುಗಟ್ಟುತ್ತದೆ. ಒಮ್ಮೆ ಅದಕ್ಕೆ ಕಿಡಿ ಹತ್ತಿತೆಂದರೆ ಕೊಳವೆಯೇ ಉರಿದು ಪಕ್ಕದ ತೊಲೆಗೂ ಬೆಂಕಿ ತಗಲಬಹುದು. ಕೊಳವೆ ಕಟ್ಟಿಕೊಂಡರಂತೂ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಮನೆಯೊಳಕ್ಕೆ ಮರಳುತ್ತದೆ. ಮಲಗಿದವರಿಗೆ ಅದರ ಸುಳಿವೂ ಸಿಗದು. ಚೆನ್ನಾಗಿ ಒಣಗಿದ ಸೌದೆ ಉರಿಸಿ, ವರ್ಷಕ್ಕೊಮ್ಮೆಯಾದರೂ ಒಲೆ ಪೂರ್ಣ ಆರಿದ ಮೇಲೆ ಕೊಳವೆಯನ್ನು ಗುಡಿಸಬೇಕು. ಬೂದಿಯಲ್ಲಿ ಕೆಂಡ ಮರುದಿನವೂ ಜೀವ ಹಿಡಿದಿರುತ್ತದೆಯಾದ್ದರಿಂದ ಅದನ್ನು ಗೋಣಿಚೀಲಕ್ಕೆ ತುಂಬದೆ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಡುವುದು ಲೇಸು.