ರಿಲೇಯಲ್ಲಿ ತರ್ಕ ಕಂಡ ವಿದ್ಯಾರ್ಥಿ: ಕ್ಲಾಡ್ ಶಾನನ್

ಕಂಪ್ಯೂಟರ್ ಯಂತ್ರಾಂಶದ ವಿನ್ಯಾಸ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆರಂಭದಲ್ಲೇ ಎದುರಾಗುವುದು 0 ಮತ್ತು 1ರ ಬೀಜಗಣಿತ. ಈ ಬೀಜಗಣಿತವನ್ನು ವಿದ್ಯುನ್ಮಂಡಲಗಳ ರಚನೆಗೆ ಅನ್ವಯಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್. ಆಗ ಅವರಿಗೆ ಕೇವಲ 21 ವರ್ಷ. ಅವರಿನ್ನೂ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದರು.

1916ರ ಏಪ್ರಿಲ್ 30ರಂದು ಮಿಷಿಗನ್ ರಾಜ್ಯದ ಪೆಟೋಸ್ಕಿಯಲ್ಲಿ ಜನಿಸಿದ ಶಾನನ್ ಬೆಳೆದದ್ದು ಗೇಲಾರ್ಡ್ ಎಂಬ ಪುಟ್ಟ ಪಟ್ಟಣದಲ್ಲಿ. ತಾಯಿ ಶಿಕ್ಷಕಿ. ತಂದೆ ವ್ಯಾಪಾರಿಯೂ ಸ್ಥಳೀಯ ನ್ಯಾಯಾಧೀಶರೂ ಆಗಿದ್ದರು. ಬಾಲಕ ಶಾನನ್ ಮುಳ್ಳುತಂತಿಯ ಬೇಲಿಯನ್ನೇ ಬಳಸಿ ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಸಂಪರ್ಕ ಕಲ್ಪಿಸಿದ್ದರು.

1932ರಲ್ಲಿ ಅವರು ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. ಎರಡು ವರ್ಷಗಳಲ್ಲೇ ತಂದೆ ತೀರಿಕೊಂಡರೂ ವ್ಯಾಸಂಗ ನಿಲ್ಲಲಿಲ್ಲ. 1936ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಮತ್ತು ಗಣಿತ ಎರಡರಲ್ಲೂ ಪದವಿ ಪಡೆದರು. 19ನೇ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ರೂಪಿಸಿದ ತರ್ಕದ ಬೀಜಗಣಿತದ ಪರಿಚಯ ಅವರಿಗೆ ಆದದ್ದು ಅಲ್ಲಿಯೇ. ಅಂದಿನ ಎಂಜಿನಿಯರುಗಳಿಗೆ ಆ ವಿಷಯದ ಗೊಡವೆಯೇ ಇರಲಿಲ್ಲ.

ಅದೇ ವರ್ಷ ಸೂಚನಾ ಫಲಕದಲ್ಲಿದ್ದ ಒಂದು ಕಾರ್ಡು ಅವರ ಬಾಳಿನ ದಿಕ್ಕನ್ನು ಬದಲಿಸಿತು. ಅದು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ವನ್ನೆವರ್ ಬುಷ್ ಅವರ ಗಣನಾಯಂತ್ರವನ್ನು ನೋಡಿಕೊಳ್ಳುವ ಕೆಲಸದ ಪ್ರಕಟಣೆ. ಹಲ್ಲುಗಾಲಿಗಳು ಮತ್ತು ದಂಡಗಳಿಂದ ಕೂಡಿದ್ದ ಆ ಭಾರೀ ಯಂತ್ರವನ್ನು ನಿಯಂತ್ರಿಸುತ್ತಿದ್ದುದು ನೂರರಷ್ಟು ರಿಲೇಗಳ ಜಾಲ. ರಿಲೇ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚು. ಆ ಕಾಲದ ದೂರವಾಣಿ ವಿನಿಮಯ ಕೇಂದ್ರಗಳಲ್ಲಿಯೂ ರಿಲೇಗಳದ್ದೇ ಆಳ್ವಿಕೆ. ಅಂಥ ಮಂಡಲಗಳನ್ನು ಎಂಜಿನಿಯರುಗಳು ಬಹುತೇಕ ಅನುಭವ ಮತ್ತು ಊಹೆಯ ಬಲದಿಂದಲೇ ರಚಿಸುತ್ತಿದ್ದರು. ಒಂದು ಮಂಡಲಕ್ಕೆ ಎಷ್ಟು ರಿಲೇ ಸಾಕು ಎಂದು ಲೆಕ್ಕ ಹಾಕುವ ವಿಧಾನ ಅವರಿಗೆ ತಿಳಿದಿರಲಿಲ್ಲ.

ರಿಲೇಗೆ ಎರಡೇ ಸ್ಥಿತಿ. ಬೂಲ್ ಅವರ ತರ್ಕದಲ್ಲಿಯೂ ನಿಜ, ಸುಳ್ಳು ಎಂಬ ಎರಡೇ ಬೆಲೆ. ಈ ಸಾಮ್ಯವನ್ನು ಶಾನನ್ ಗುರುತಿಸಿದರು. ಸಾಲಾಗಿ ಜೋಡಿಸಿದ ಎರಡು ಸ್ವಿಚ್ಚುಗಳಲ್ಲಿ ಇದೂ ಅದೂ ಮುಚ್ಚಿದರಷ್ಟೇ ವಿದ್ಯುತ್ ಹರಿಯುತ್ತದೆ. ಸಮಾನಾಂತರವಾಗಿ ಜೋಡಿಸಿದಾಗ ಇದಾಗಲಿ ಅದಾಗಲಿ ಮುಚ್ಚಿದರೆ ಸಾಕು. ಹೀಗೆ ಮಂಡಲವನ್ನು ಸಮೀಕರಣವಾಗಿ ಬರೆದು ಸಂಕ್ಷೇಪಿಸಿದರೆ ಅನಗತ್ಯ ರಿಲೇಗಳು ತಾವಾಗಿಯೇ ಉದುರಿಹೋಗುತ್ತವೆ. 1937ರಲ್ಲಿ ಸಲ್ಲಿಸಿದ ಸ್ನಾತಕೋತ್ತರ ಪ್ರೌಢಪ್ರಬಂಧದಲ್ಲಿ ಅವರು ದ್ವಿಮಾನ ಸಂಖ್ಯೆಗಳನ್ನು ಕೂಡುವ ಮಂಡಲವನ್ನೂ ವಿದ್ಯುತ್ ಬೀಗವನ್ನೂ ಈ ಕ್ರಮದಲ್ಲಿಯೇ ವಿನ್ಯಾಸಗೊಳಿಸಿ ತೋರಿಸಿದರು. ಜಪಾನಿನ ಅಕಿರಾ ನಕಾಶಿಮಾ ಮತ್ತು ಸೋವಿಯತ್ ಒಕ್ಕೂಟದ ವಿಕ್ಟರ್ ಶೆಸ್ತಕೋವ್ ಕೂಡ ಅದೇ ದಶಕದಲ್ಲಿ ಪ್ರತ್ಯೇಕವಾಗಿ ಇದೇ ಜಾಡಿನಲ್ಲಿ ಸಾಗಿದ್ದರು. ಆದರೆ 1938ರಲ್ಲಿ ಪ್ರಕಟವಾದ ಶಾನನ್ ಅವರ ಲೇಖನವೇ ಹೆಚ್ಚು ಪ್ರಭಾವ ಬೀರಿತು.

ಬೆಲ್ ಪ್ರಯೋಗಾಲಯದಲ್ಲಿದ್ದಾಗ 1948ರಲ್ಲಿ ಅವರು ಪ್ರಕಟಿಸಿದ ಮಾಹಿತಿ ಸಿದ್ಧಾಂತವು ಅವರಿಗೆ ಜಗದ್ವಿಖ್ಯಾತಿ ತಂದಿತು. 1950ರ ಸುಮಾರಿಗೆ ಅವರು ರೂಪಿಸಿದ ಥೀಸಿಯಸ್ ಎಂಬ ಆಟಿಕೆ ಇಲಿ, ರಿಲೇಗಳ ನೆರವಿನಿಂದ ಚಕ್ರವ್ಯೂಹದಲ್ಲಿ ದಾರಿ ಹುಡುಕಿ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. 1956ರಲ್ಲಿ ಅವರು ಎಂಐಟಿಗೆ ಪ್ರಾಧ್ಯಾಪಕರಾಗಿ ಮರಳಿದರು.

ಮುಂದೆ ರಿಲೇಗಳ ಸ್ಥಾನಕ್ಕೆ ನಿರ್ವಾತ ಕೊಳವೆ, ಟ್ರಾನ್ಸಿಸ್ಟರ್ ಹಾಗೂ ಸಿಲಿಕಾನ್ ಚಿಪ್ ಬಂದವು. ವಿನ್ಯಾಸದ ಬೀಜಗಣಿತ ಮಾತ್ರ ಬದಲಾಗಲಿಲ್ಲ. ಯಂತ್ರಕ್ಕೆ ನೆನಪಿನ ಪಾಠ ಕಲಿಸಿದ ಶಾನನ್ ಅವರ ಕೊನೆಯ ವರ್ಷಗಳಲ್ಲಿ ಅವರದೇ ಸ್ಮರಣಶಕ್ತಿಯನ್ನು ಅಲ್‌ಝೈಮರ್ ಕಾಯಿಲೆ ಕಸಿದುಕೊಂಡಿತು. 2001ರ ಫೆಬ್ರುವರಿ 24ರಂದು ಅವರು ನಿಧನರಾದರು. ಎರಡು ಬೇರೆ ಬೇರೆ ತರಗತಿಗಳಲ್ಲಿ ಕಲಿತದ್ದನ್ನು ಒಂದುಗೂಡಿಸಿದ ಆ ವಿದ್ಯಾರ್ಥಿಯ ಪ್ರಬಂಧ ಇಂದು ಎಲ್ಲೆಡೆ ಕಂಪ್ಯೂಟರ್ ವಿದ್ಯಾರ್ಥಿಗಳ ಪ್ರಾಥಮಿಕ ಪಾಠವಾಗಿದೆ.