ಒಬ್ಬೊಬ್ಬರ ಬಾಗಿಲಿಗೆ ಬಂದ ಗುರು: ಸಂತ ಜೋಸೆಫ್ ವಾಸ್

ನಮ್ಮ ದಿಗ್ಗೇವಾಡಿ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಕಟ್ಟಡದ ಇತಿಹಾಸವನ್ನು ಬಲ್ಲವರು ಬರೆಯುವರು. ದೇವಾಲಯಗಳೆಲ್ಲ ಕೈತಪ್ಪಿಹೋಗಿದ್ದ ನಾಡಿನಲ್ಲಿ ಒಬ್ಬೊಬ್ಬರನ್ನೇ ಹುಡುಕಿ ವಿಶ್ವಾಸವನ್ನು ಉಳಿಸಿದ ಗುರುವೊಬ್ಬರನ್ನು ನಾನು ಇಲ್ಲಿ ಸ್ಮರಿಸಬಯಸುತ್ತೇನೆ. ಅವರು ಗೋವೆಯಲ್ಲಿ ಹುಟ್ಟಿ, ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದು, ಸಿಂಹಳ ದ್ವೀಪದಲ್ಲಿ ದೇಹವಿಟ್ಟ ಸಂತ ಜೋಸೆಫ್ ವಾಸರು.

ಸಾಲ್ಸೆಟ್ ಪ್ರಾಂತದ ಬೆನೌಲಿಮ್‌ನಲ್ಲಿ 1651ರ ಏಪ್ರಿಲ್ 21ರಂದು ಅವರ ಜನನ. 1676ರಲ್ಲಿ ಗುರುದೀಕ್ಷೆ. ಮರುವರ್ಷವೇ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಸಿಂಹಳಕ್ಕೆ ಹೋಗಬೇಕೆಂಬುದು ಅವರ ಹಂಬಲ. ಆದರೆ ಮೇಲಿನವರು 1681ರಲ್ಲಿ ಕಳುಹಿಸಿದ್ದು ಕೆನರಾಕ್ಕೆ. ಅಲ್ಲಿ ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷರ ಅಧಿಕಾರಕ್ಕೂ ತಿಕ್ಕಾಟ ನಡೆದಿತ್ತು. ಭಕ್ತರು ಯಾರ ಮಾತು ಕೇಳಬೇಕೆಂದು ತಿಳಿಯದೆ ಕಂಗೆಟ್ಟಿದ್ದರು. ವಾಸರು ತಾಳ್ಮೆಯಿಂದ ಎರಡೂ ಕಡೆಯವರೊಡನೆ ಮಾತನಾಡಿದರು, ಶಾಲೆಗಳನ್ನು ತೆರೆದರು, ಮಂಗಳೂರು, ಬಸರೂರು, ಗಂಗೊಳ್ಳಿಗಳ ಕಡೆ ಊರೂರು ಅಲೆದರು. ಮುಡಿಪು ಬೆಟ್ಟದಲ್ಲಿ ಇಂದಿಗೂ ಅವರ ಸ್ಮರಣೆಗೆ ಯಾತ್ರಿಕರು ಬರುತ್ತಾರೆ. 1684ರಲ್ಲಿ ಗೋವೆಗೆ ಮರಳಿ, ಮುಂದಿನ ವರ್ಷ ಒರೇಟರಿ ಸಭೆಯನ್ನು ಸೇರಿದರು.

ಇನ್ನು ಸಿಂಹಳದ ಕಥೆ. 1658ರಲ್ಲಿ ಯಾಫ್ನಾವನ್ನು ಗೆದ್ದ ಡಚ್ಚರು ಕಥೋಲಿಕ ಗುರುಗಳನ್ನೆಲ್ಲ ಹೊರಗಟ್ಟಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿನ ಭಕ್ತರಿಗೆ ಗುರುಗಳಿಲ್ಲ, ಬಲಿಪೂಜೆಯಿಲ್ಲ. 1687ರಲ್ಲಿ ವಾಸರು ಕೂಲಿಯವನ ವೇಷದಲ್ಲಿ ತೂತುಕುಡಿಯಿಂದ ದೋಣಿಯೇರಿದರು. ಜೊತೆಗಿದ್ದವನು ಜಾನ್ ಎಂಬ ಯುವಕ. ದಡ ಸೇರಿದ ಮೇಲೆ ವಾಸರಿಗೆ ಭೇದಿ ಹತ್ತಿತು. ರೋಗಕ್ಕೆ ಹೆದರಿದ ಜನ ಅವರನ್ನು ಊರ ಹೊರಗೆ ಹಾಕಿದರು. ಜಾನನೂ ಕಾಯಿಲೆಬಿದ್ದ. ಒಬ್ಬ ಹೆಣ್ಣುಮಗಳು ಗಂಜಿ ತಂದುಕೊಟ್ಟು ಇಬ್ಬರನ್ನೂ ಬದುಕಿಸಿದಳು. ಆ ತಾಯಿಯ ಹೆಸರನ್ನು ಯಾರೂ ಬರೆದಿಡಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಚೇತರಿಸಿಕೊಂಡ ವಾಸರು ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷೆಗೆ ಹೊರಟರು. ಮನೆಮನೆಯ ಬಾಗಿಲಲ್ಲಿ ನಿಂತು, ಜಪಸರ ಕಂಡವರ ಮುಖವನ್ನು ಗಮನಿಸುವರು. ಯಾರ ಕಣ್ಣು ಅದರ ಮೇಲೆ ತಡೆದು ನಿಲ್ಲುವುದೋ ಆ ಮನೆಗೆ ಮತ್ತೆ ಹೋಗುವರು. ಹೀಗೆ ಒಬ್ಬರು ಸಿಕ್ಕರು, ಅವರಿಂದ ಮತ್ತೊಬ್ಬರು. ಸಿಲ್ಲಾಲೆ ಎಂಬ ಹಳ್ಳಿಯಲ್ಲಿ ಅಡಗಿದ್ದು, ರಾತ್ರಿಯ ಹೊತ್ತು ಪಾಪನಿವೇದನೆ ಕೇಳಿ, ಪೂಜೆ ಅರ್ಪಿಸಿದರು. ತಾವಿಲ್ಲದಾಗ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಊರೂರಲ್ಲಿ ಹಿರಿಯರನ್ನೂ ಉಪದೇಶಿಗಳನ್ನೂ ಸಿದ್ಧಮಾಡಿದರು. ನಮ್ಮ ಹಳ್ಳಿಗಳ ಉಪದೇಶಿಗಳನ್ನು ಕಂಡ ಹಿರಿಯರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಭಾನುವಾರದ ಪ್ರಬೋಧನೆಯನ್ನು ನಾನು ಶ್ರಮವಹಿಸಿ ಸಿದ್ಧಪಡಿಸಿದ್ದೇನೆ. ಆದರೆ ಕಬ್ಬಿನ ಕಟಾವಿನ ದಿನಗಳಲ್ಲಿ ಪೂಜೆಗೆ ಬಾರದವನ ಮನೆಗೆ ಹೋಗಿ ಒಂದು ಗಳಿಗೆ ಕೂತದ್ದು ತೀರಾ ಕಡಿಮೆ. ವಾಸರ ಚರಿತ್ರೆಯನ್ನು ಓದುವಾಗ ನನ್ನನ್ನು ಚುಚ್ಚುವುದು ಇದೇ.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆಬಂದಿತೆಂದು ಪರಂಪರೆ ಹೇಳುತ್ತದೆ; ರಾಜನ ವಿಶ್ವಾಸವಂತೂ ಅವರಿಗೆ ದೊರೆಯಿತು. 1697ರಲ್ಲಿ ಸಿಡುಬು ಹಬ್ಬಿತು. ಮನೆಯವರೇ ಕಾಡಿಗೆ ಸಾಗಹಾಕಿದ ರೋಗಿಗಳನ್ನು ಅವರು ತಮ್ಮ ಸೋದರಳಿಯ ಗುರು ಜೋಸೆಫ್ ಕಾರ್ವಾಲೊ ಅವರೊಡನೆ ಉಪಚರಿಸಿದರು. ಸೇವೆಯೆಂದರೇನೆಂಬುದನ್ನು ಆ ಕಿರಿಯ ಗುರು ಕಲಿತದ್ದು ಮಾವನ ಜೊತೆ ಕೀವು ತೊಳೆಯುತ್ತ.

1705ರಲ್ಲಿ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಾಸರು ಅದನ್ನು ಬೇಡವೆಂದರು. ಅದೇ ವರ್ಷ ಗೋವೆಯ ದಿವಾರ್ ದ್ವೀಪದ ತರುಣ ಗುರು ಜಾಕೊಮೆ ಗೊನ್ಸಾಲ್ವಿಸ್ ಸಿಂಹಳಕ್ಕೆ ಬಂದರು. ಅವರಿಗೆ ಭಾಷೆಯ ವರವಿರುವುದನ್ನು ಗುರುತಿಸಿದ ವಾಸರು ಸಿಂಹಳ ಭಾಷೆಯನ್ನು ಆಳವಾಗಿ ಅಭ್ಯಾಸ ಮಾಡುವಂತೆ ಅವರಿಗೆ ಹೇಳಿದರು.

1711ರ ಜನವರಿ 16ರಂದು ವಾಸರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಗೊನ್ಸಾಲ್ವಿಸರು 1742ರವರೆಗೆ ಬದುಕಿ, ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ಬೋಲವತ್ತದಲ್ಲಿ ಕೊನೆಯುಸಿರೆಳೆದರು.