ಆಕಾಶದ ನೀಲಿ ಮತ್ತು ಸರ್ ಸಿ.ವಿ. ರಾಮನ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ನಾನು ಸರ್ ಸಿ.ವಿ. ರಾಮನ್ ಅವರನ್ನೇ ಆರಿಸಿಕೊಂಡೆ. ಅದಕ್ಕೆ ಕಾರಣವಿದೆ. ಈ ಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಬಂದ ಹೊಸದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಆಕಾಶ ಏಕೆ ನೀಲಿ ಎಂದು ಕೇಳಿದ. ಸಮುದ್ರದ ಬಣ್ಣ ಪ್ರತಿಫಲಿಸುತ್ತದೆ ಎಂದೆ. ಸಮುದ್ರವೇ ಇಲ್ಲದ ನಮ್ಮೂರಿನ ಮೇಲೂ ಆಕಾಶ ನೀಲಿಯಾಗಿದೆಯಲ್ಲ ಸಾರ್ ಎಂದ. ಅಧಿಕಪ್ರಸಂಗ ಬೇಡವೆಂದು ಗದರಿಸಿ ಕೂರಿಸಿದೆ. ರಾಮನ್ ಅವರ ಬಗ್ಗೆ ಓದಿದ ಮೇಲೆ ತಪ್ಪು ನನ್ನದೇ ಎಂದು ತಿಳಿಯಿತು.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯಲ್ಲಿ. ತಂದೆ ಉಪಾಧ್ಯಾಯರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಆಗ ನಮ್ಮ ದೇಶದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವುದು ಸುಲಭವಿರಲಿಲ್ಲ. 1907ರಲ್ಲಿ ಅವರು ಹಣಕಾಸು ಇಲಾಖೆ ಸೇರಿ ಕಲ್ಕತ್ತಕ್ಕೆ ಹೋದರು. ಹಗಲು ಕಚೇರಿಯ ಲೆಕ್ಕಪತ್ರ. ಕಚೇರಿಗೆ ಮುಂಚೆ ಮತ್ತು ಕಚೇರಿ ಮುಗಿದ ಮೇಲೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯ. ಹೀಗೆ ಹತ್ತು ವರ್ಷ ದುಡಿದು, 1917ರಲ್ಲಿ ದೊಡ್ಡ ಸಂಬಳದ ಹುದ್ದೆ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಅವರು ಮೊದಲ ಬಾರಿ ವಿದೇಶಕ್ಕೆ ಹೋದರು. ಇಂಗ್ಲೆಂಡಿನಿಂದ ನಾರ್ಕುಂಡ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿಗೆ ಕಾರಣವನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ಆಗಲೇ ಹೇಳಿದ್ದರು. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಗಾಳಿಯ ಅಣುಗಳಿಗೆ ತಾಗಿದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ತರಂಗದೂರ ಕಡಿಮೆಯಿರುವ ನೀಲಿ, ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರುತ್ತದೆ. ಹಾಗೆ ಚದುರಿದ ನೀಲಿಯೇ ಆಕಾಶದ ಎಲ್ಲ ಕಡೆಯಿಂದ ನಮ್ಮ ಕಣ್ಣಿಗೆ ಬರುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಹಳ ದೂರ ಗಾಳಿಯಲ್ಲಿ ಸಾಗಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಇಷ್ಟೇ ವಿಷಯ. ಸಮುದ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂದು ರ‍್ಯಾಲೆ ನಂಬಿದ್ದರು. ಅಷ್ಟು ದೊಡ್ಡವರ ಮಾತೆಂದು ರಾಮನ್ ಸುಮ್ಮನಾಗಲಿಲ್ಲ. ಜೊತೆಯಲ್ಲಿದ್ದ ನಿಕೋಲ್ ಪಟ್ಟಕ ಎಂಬ ಪುಟ್ಟ ಸಾಧನದಿಂದ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ಗಾಳಿಯ ಅಣುಗಳಂತೆ ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೀರ್ಮಾನಿಸಿದರು. ಹಡಗು ಮುಂಬಯಿ ಮುಟ್ಟುವ ಹೊತ್ತಿಗೆ ಲೇಖನ ಸಿದ್ಧವಾಗಿತ್ತು.

ಅಲ್ಲಿಂದ ಏಳು ವರ್ಷ ಅವರೂ ಅವರ ಶಿಷ್ಯರೂ ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನೇ ಪರೀಕ್ಷಿಸಿದರು. ಶಿಷ್ಯ ಕೆ.ಎಸ್. ಕೃಷ್ಣನ್ ಅವರ ನೆರವು ದೊಡ್ಡದು. ಚದುರಿದ ಬೆಳಕಿನ ಒಂದು ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ ಎಂಬುದು 1928ರ ಫೆಬ್ರವರಿ 28ರಂದು ಖಚಿತವಾಯಿತು. ಅದೇ ರಾಮನ್ ಪರಿಣಾಮ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಶಾಲೆಯಲ್ಲಿ ವರ್ಷವರ್ಷವೂ ಆಚರಿಸುವ ವಿಜ್ಞಾನ ದಿನ ಆ ಫೆಬ್ರವರಿ 28ರ ನೆನಪಿಗೇ.

1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮುಂದೆ ಇಲ್ಲೇ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನರಾದರು. ಎಂಬತ್ತರ ವಯಸ್ಸಿನಲ್ಲಿ, 1968ರ ಡಿಸೆಂಬರ್‌ನಲ್ಲಿ, ಅಹಮದಾಬಾದಿನಲ್ಲಿ ಭಾಷಣ ಮಾಡಲು ನಿಂತಾಗ ಅವರು ಎತ್ತಿಕೊಂಡ ವಿಷಯ, ಆಕಾಶ ಏಕೆ ನೀಲಿ ಎಂಬುದೇ. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ನೊಬೆಲ್ ಪಡೆದವರು ಇಳಿವಯಸ್ಸಿನಲ್ಲೂ ಕೈಬಿಡದ ಪ್ರಶ್ನೆಯನ್ನು ನಾನು ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟಿದ್ದೆ. ದೊಡ್ಡವರ ಮಾತನ್ನು ಪರೀಕ್ಷಿಸಿ ನೋಡಿದ ರಾಮನ್ ಅವರಂತೆಯೇ ಆ ಹುಡುಗನೂ ನನ್ನ ಮಾತನ್ನು ಪರೀಕ್ಷಿಸಿದ್ದ. ಅವನು ಈಗ ಮಕ್ಕಳೊಂದಿಗ. ಈ ಸಂಚಿಕೆ ಅವನ ಕೈಗೂ ಸೇರುತ್ತದೆ. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆದಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಈಗಿನ ಶಿಕ್ಷಕ ಮಿತ್ರರಲ್ಲಿ ನನ್ನದೊಂದೇ ಕೋರಿಕೆ: ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನಿ, ಕೇಳಿದ ಮಗುವನ್ನು ಮಾತ್ರ ಗದರಿಸಿ ಕೂರಿಸಬೇಡಿ.